ಬಾಯಿ ಹೋದ ಈಳಿಗೆ

ಟೊರಾಂಟೊ ಪಕ್ಕದ ಪಿಕರಿಂಗ್‌ನ ಮನೆಗಳಲ್ಲಿ ಅಡುಗೆಮನೆಗೆ ಏನು ಕೊರತೆ! ಗ್ರಾನೈಟಿನ ಕೌಂಟರು, ನಡುವೆ ಐಲ್ಯಾಂಡು, ಅದರ ಸುತ್ತ ಎತ್ತರದ ಸ್ಟೂಲುಗಳು. ಅಂಥ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಾಳೆಂದರೆ ಬಂದವರು ನಗದೆ ಇರುತ್ತಾರೆಯೇ? ನಕ್ಕರು. ನೀರಜಾ ಯಾರ ನಗೆಗೂ ಸೊಪ್ಪು ಹಾಕಿದವಳಲ್ಲ. ಸೀರೆ ಉಟ್ಟಿರಲಿ, ಆಫೀಸಿನ ಪ್ಯಾಂಟು ಹಾಕಿರಲಿ, ಒಂದು ಕಾಲು ಮಡಿಚಿ ಮಣೆಯ ಮೇಲೊತ್ತಿ, ಇನ್ನೊಂದು ಮಂಡಿ ಎತ್ತಿ ಈಳಿಗೆಯ ಮುಂದೆ ಕೂತಳೆಂದರೆ, ರಾಶಿ ಚವಳಿಕಾಯಿ ಎದುರಿನವರ ಮಾತು ಮುಗಿಯುವ ಮೊದಲೇ ಮುಗಿದುಹೋಗುತ್ತಿತ್ತು.

ಈಳಿಗೆ ಕಂಡೇ ಇಲ್ಲದ ಮೊಮ್ಮಕ್ಕಳ ಕಾಲ ಇದು, ಅವರಿಗಾಗಿ ಒಂದು ಮಾತು. ಕಾಲಲ್ಲಿ ಒತ್ತಿ ಹಿಡಿಯಲು ಒಂದು ಮರದ ಮಣೆ. ಅದರ ತುದಿಯಿಂದ ಮೇಲೆದ್ದು ಬಾಗಿ ನಿಂತ ಅಲಗು. ಅಲಗಿನ ನೆತ್ತಿಗೆ ಕಾಯಿ ತುರಿಯುವ ಹಲ್ಲು. ಚಾಕುವಾದರೆ ತರಕಾರಿ ಕೂತಿರುತ್ತದೆ, ಕೈ ಓಡಾಡುತ್ತದೆ. ಇಲ್ಲಿ ಅಲಗು ಕೂತಿರುತ್ತದೆ, ಎರಡೂ ಕೈ ಸೇರಿ ತರಕಾರಿಯನ್ನು ಅದಕ್ಕೆ ಒಯ್ದು ಕೊಡಬೇಕು. ಇಷ್ಟೇ. ಇಷ್ಟು ಸಾದಾ ಸಾಮಾನು ಕೆನಡಾದ ಒಂದು ಮನೆಯನ್ನು ಹಿಡಿದು ನಿಲ್ಲಿಸಿತ್ತು ಎಂದರೆ ನಂಬುವವರು ಕಡಿಮೆ.

ನೀರಜಾಳ ಈಳಿಗೆ ಗದಗಿನ ಸಂತೆಯದು. ಮದುವೆಯಾಗಿ ಗಂಡನ ಹಿಂದೆ ಅವಳು ಇಲ್ಲಿಗೆ ಹೊರಟಾಗ ಅವಳ ಅವ್ವ ಮಡಿವಾಳಪ್ಪ ಎನ್ನುವ ಕಮ್ಮಾರನ ಹತ್ತಿರ ಚೌಕಾಸಿ ಮಾಡಿ ತಂದುಕೊಟ್ಟದ್ದು. ಆ ಕಾಲಕ್ಕೂ ಅದು ಅಗ್ಗದ ಸಾಮಾನೇ. ಬೆನ್ನಿಗೆ ಸಾದಾ ಕಬ್ಬಿಣ, ಬಾಯಿಗೆ ಹಳೆಯ ಲಾರಿ ಸ್ಪ್ರಿಂಗಿನ ಉಕ್ಕಿನದೊಂದು ತೆಳು ಪಟ್ಟಿ, ಎರಡನ್ನೂ ಕುಲುಮೆಯಲ್ಲಿ ಕಾಯಿಸಿ ಒಂದಾಗಿ ಬಡಿದು, ಬಾಯಿಗೆ ಹದ ಕೊಟ್ಟದ್ದು. ನೋಡಲು ಚಂದವೆಂಬುದೇನೂ ಇರಲಿಲ್ಲ. ಬೆನ್ನಿನ ಮೇಲೆ ಸುತ್ತಿಗೆಯ ಪೆಟ್ಟಿನ ಗುರುತುಗಳು ಹಾಗೆಯೇ ಉಳಿದಿದ್ದವು. ಆದರೆ ಆ ಬಾಯಿ! ಮಾಗಿದ ಟೊಮ್ಯಾಟೊ ಮೇಲಿಟ್ಟರೆ ಸಾಕು, ಅದರ ಭಾರಕ್ಕೆ ಅದೇ ಸೀಳಿಕೊಂಡು ಇಳಿಯುತ್ತಿತ್ತು.

ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬಿಚ್ಚಿಸಿದ ಕಸ್ಟಮ್ಸಿನವನು ಇಳಕಲ್ ಸೀರೆಯೊಳಗೆ ಸುತ್ತಿದ್ದ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದನಂತೆ. ಇದು ಆಯುಧವೋ, ಯಂತ್ರವೋ? ಹೊಸ ಮದುಮಗಳಿಗೆ ಆಗ ಇಂಗ್ಲಿಷು ಅಷ್ಟಕ್ಕಷ್ಟೆ. ಅವನ ಮೇಜಿನ ಮೇಲೆ ಅವನ ಊಟದ ಸೇಬು ಇತ್ತು. ಅದನ್ನು ಕೈಗೆತ್ತಿಕೊಂಡು, ಅಲ್ಲೇ ನೆಲದ ಮೇಲೆ ಈಳಿಗೆ ಹಾಕಿ ಕೂತು, ನಾಲ್ಕು ಹೋಳು ಮಾಡಿ, ಬೀಜ ತೆಗೆದು, ಅವನ ಮುಂದಿಟ್ಟಳು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಅವನು ಒಂದು ಹೋಳು ಬಾಯಿಗೆ ಹಾಕಿಕೊಂಡು, ಹೋಗಿರೆಂದು ಕೈ ಬೀಸಿದ. ಸೇಬಿನ ಈ ಕಥೆಯನ್ನು ಅವಳ ಗಂಡ ಸತ್ಯಪ್ರಕಾಶ್ ಕನ್ನಡ ಸಂಘದ ಪ್ರತಿ ಊಟದಲ್ಲೂ ಹೇಳುತ್ತಿದ್ದರು. ಹೆಂಡತಿಯನ್ನು ಅವಳೆದುರಿಗೆ ಹೊಗಳಲು ಬಾರದ ಮನುಷ್ಯ, ಕಥೆಯ ನೆಪದಲ್ಲಿ ಹೊಗಳುತ್ತಿದ್ದರು.

ಸಂಘದ ಊಟಕ್ಕೆ ತರಕಾರಿ ಹೆಚ್ಚುವ ಕೆಲಸ ನೀರಜಾಳದೇ. ಉಳಿದ ಹೆಂಗಸರು ಮನೆಯಿಂದ ತಂದ ಚಾಕುಗಳನ್ನು ಹಿಡಿದು ಮೇಜಿನ ಸುತ್ತ ನಿಲ್ಲುತ್ತಿದ್ದರು. ಇವಳು ಹಾಲಿನ ಮೂಲೆಯಲ್ಲಿ ಪೇಪರು ಹಾಸಿ ಕೂರುತ್ತಿದ್ದಳು. ಒಮ್ಮೆ ಮೆಡೋವೇಲ್‌ನ ಶ್ರೀವಿದ್ಯಾ, ಸಾಫ್ಟ್‌ವೇರಿನ ಹುಡುಗಿ, ಬಹಳ ಬೆಲೆಯ ಜಪಾನಿ ಚಾಕುವೊಂದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ತಂದಿದ್ದಳು.

"ಇದಕ್ಕ ಹಾಸಿಗಿ ಬ್ಯಾರೆ ಬೇಕೇನ ತಂಗಿ?" ಎಂದಳು ನೀರಜಾ.

"ಆಂಟಿ, ಇದು ಹ್ಯಾಂಡ್‌ಮೇಡು. ತುಂಬಾ ಡೆಲಿಕೇಟು. ಕುಂಬಳಕಾಯಿಗೆಲ್ಲ ಯೂಸ್ ಮಾಡಬಾರದಂತೆ."

"ಅಯ್ಯ, ಕುಂಬಳಕಾಯಿ ಹೆಚ್ಚೂದಿಲ್ಲಂದ್ರ ಮತ್ತೇನ್ ಪೂಜಿ ಮಾಡ್ತೀ ಅದಕ್ಕ? ತಾ ಇಲ್ಲೆ."

ಇಡೀ ಕುಂಬಳಕಾಯಿ ಈಳಿಗೆಯ ಮೇಲೆ ಎರಡಾಯಿತು, ನಾಲ್ಕಾಯಿತು, ಹುಳಿಗೆ ಬೇಕಾದ ಹೋಳಾಯಿತು. ಶ್ರೀವಿದ್ಯಾ ಪಾಪ ಒಳ್ಳೆಯ ಹುಡುಗಿ, ತಾನೇ ಮೊದಲು ನಕ್ಕಳು. ಆಮೇಲೆ ನೆಲದ ಮೇಲೆ ಕೂತು ತಾನೂ ಒಂದು ಹೋಳು ಪ್ರಯತ್ನಿಸಿದಳು.

ನೀರಜಾ ಬರೇ ಅಡುಗೆಮನೆಯ ಹೆಂಗಸು ಎಂದುಕೊಳ್ಳಬೇಡಿ. ಪಬ್ಲಿಕ್ ಲೈಬ್ರರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ವಾಪಸು ಬಂದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಇಡುತ್ತಾ ಇಡುತ್ತಾ ಇಂಗ್ಲಿಷು ಕಲಿತಳು, ಕಾರು ಕಲಿತಳು, ಹಿಮದ ಬಿರುಗಾಳಿಯಲ್ಲಿ 401 ಹೆದ್ದಾರಿಯ ಮೇಲೆ ಗಾಡಿ ಓಡಿಸಿಕೊಂಡು ಬಂದು, ಬೂಟು ಕಳಚಿ, ನೆಲದ ಮೇಲೆ ಕೂತು ಈಳಿಗೆ ಎಳೆದುಕೊಂಡವಳು. "ಇದರ ಮುಂದ ಕೂತ್ರ ನಾ ಎಲ್ಲಿದ್ದೀನಿ ಅನ್ನೂದು ನನಗ ಗೊತ್ತಾಗ್ತದ ನೋಡ್ರಿ" ಎಂದು ಒಂದು ಸಲ ಗಂಡನಿಗೆ ಹೇಳಿದ್ದಳು. ಆಗ ಅವರು ಟಿ.ವಿ. ನೋಡುತ್ತಿದ್ದರು.

ಸತ್ಯಪ್ರಕಾಶ್ ಇಲ್ಲಿನ ಅಣುಸ್ಥಾವರದಲ್ಲಿ ಇಂಜಿನಿಯರಾಗಿದ್ದು ರಿಟೈರಾದವರು. ಉಕ್ಕಿನ ಪೈಪು, ಅದರ ಬೆಸುಗೆ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ. ಹೆಂಡತಿಗೆ ಹೂ ತಂದವರಲ್ಲ, ಸಿನಿಮಾಕ್ಕೆ ಕರೆದವರಲ್ಲ, ಪಲ್ಯ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ಧಾರವಾಡದ ಗಂಡಸರ ಬಾಯಿಗೆ ಹಾಕಿದ ಅಂಥ ಬೀಗ ಅಟ್ಲಾಂಟಿಕ್ ದಾಟಿದರೂ ತೆರೆಯಲಿಲ್ಲ. ಅವರು ಮಾಡುತ್ತಿದ್ದುದು ಒಂದೇ ಕೆಲಸ. ಭಾನುವಾರ ಬೆಳಗಿನ ಚಹಾ ಆದಮೇಲೆ ಈಳಿಗೆಗೆ ಸಾಣೆ ಹಿಡಿಯುವುದು.

ಅದಕ್ಕೊಂದು ಕ್ರಮ ಇತ್ತು. ನೀರಜಾ ಈಳಿಗೆಯನ್ನು ಗಂಡನ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಅಡ್ಡ ಮಲಗಿಸುತ್ತಿದ್ದಳು, ಅವರು ಅಲ್ಲಿಂದ ಎತ್ತಿಕೊಳ್ಳಬೇಕು. "ಕೈಯಿಂದ ಕೈಗೆ ಕೊಟ್ರ ಗಂಡಾ-ಹೆಂಡ್ತಿ ನಡುವ ಜಗಳ ಆಗ್ತದ." ಅವರು ಇಂಜಿನಿಯರು, ಮನಸ್ಸಿನಲ್ಲೇ ನಗುತ್ತಿದ್ದರು, ಆದರೂ ಎತ್ತಿಕೊಳ್ಳುತ್ತಿದ್ದರು. ಒದ್ದೆ ಕಲ್ಲಿನ ಮೇಲೆ ನಿಧಾನಕ್ಕೆ, ಒಂದೇ ಓರೆಯಲ್ಲಿ, ಅವಸರವಿಲ್ಲದೆ ಉಜ್ಜುತ್ತಿದ್ದರು. ಮುಗಿದ ಮೇಲೆ ಮತ್ತೆ ನೆಲದ ಮೇಲೆ. ಅವಳು ಹೆಬ್ಬೆರಳನ್ನು ಬಾಯಿಗೆ ಅಡ್ಡಡ್ಡ ಸವರಿ ನೋಡಿ, "ಆತು" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವರು ವಾರವಿಡೀ ಕಾಯುತ್ತಿದ್ದರು ಎಂಬುದು ಅವರಿಗೂ ಆಗ ಗೊತ್ತಿರಲಿಲ್ಲ. ಆಯುಧಪೂಜೆ ಮಾಡುವ ಖಂಡೇನವಮಿಯ ದಿನ ಮಾತ್ರ ಸಾಣೆಯಿಲ್ಲ, ಹೆಚ್ಚುವುದಿಲ್ಲ. ಆವತ್ತು ಈಳಿಗೆ ದೇವರ ಮುಂದೆ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು.

ಹೀಗೆ ಸಾಣೆ ತಿಂದು ತಿಂದು ಅಲಗು ಸವೆದಿತ್ತು. ನಡುವೆ ಒಂದು ತಗ್ಗು ಬಿದ್ದಿತ್ತು. ನೀರಜಾ ಬದನೆಕಾಯಿ ಎಳೆಯುವ ಕಡೆಗೇ ಸರಿಯಾಗಿ ಆ ತಗ್ಗು. ಬೇರೆ ಯಾರಿಗೂ ಆ ಈಳಿಗೆ ಒಗ್ಗುತ್ತಿರಲಿಲ್ಲ.

ಅವಳ ನೆನಪಿನಿಂದ ಮೊದಲು ಹೋದದ್ದು ಒಲೆಯ ಮೇಲಿನ ಹಾಲು. ಹಾಲು ಯಾರ ಮನೆಯಲ್ಲಿ ಉಕ್ಕುವುದಿಲ್ಲ, ಬಿಡಿ. ಆಮೇಲೆ ಪಾತ್ರೆ ಕರಕಾಗಿ ಹೊಗೆ ಅಲಾರಮ್ಮು ಕೂಗಿತು, ಅವಳು ಅದರ ಕೆಳಗೆ ನಿಂತು ಯಾರದು ಫೋನು ಎಂದು ಹುಡುಕುತ್ತಿದ್ದಳು. ಆಮೇಲೆ ಲೈಬ್ರರಿಯ ದಾರಿ ಹೋಯಿತು. ಆಮೇಲೆ ಮಗಳ ಹೆಸರು ಹೋಯಿತು. ಡಾಕ್ಟರು ಚಿತ್ರ ತೋರಿಸಿ, ಗಡಿಯಾರ ಬರೆಯಿಸಿ, ತಲೆಯ ಸ್ಕ್ಯಾನು ಮಾಡಿಸಿ, ದೊಡ್ಡ ದೊಡ್ಡ ಮಾತು ಹೇಳಿದರು. ಅಷ್ಟೆಲ್ಲ ಓದಿದವರ ಕೈಯಲ್ಲಿ ಕೊನೆಗೆ ಔಷಧವೇ ಇಲ್ಲ ಎಂದರೆ ಆ ಓದನ್ನು ಏನು ಮಾಡಬೇಕು? ಸತ್ಯಪ್ರಕಾಶ್ ಆವತ್ತು ಪಾರ್ಕಿಂಗ್ ಲಾಟಿನಲ್ಲಿ ಕಾರು ಹತ್ತಿ, ಕೀಲಿ ತಿರುವದೆ, ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತರು. ಪಕ್ಕದಲ್ಲಿ ಕೂತ ನೀರಜಾ, "ಏನಾತ್ರಿ, ಯಾರ್ ಹೋದ್ರು?" ಎಂದು ಕೇಳಿದಳು.

ಅಂಥ ಕತ್ತಲೆಯಲ್ಲೂ ಈಳಿಗೆಯ ಮುಂದೆ ಕೂತರೆ ಅವಳು ಮೊದಲಿನ ನೀರಜಾ. ಕೈ ಮರೆತಿರಲಿಲ್ಲ. ಬೆಂಡೆಕಾಯಿ ಒಂದೇ ಅಳತೆ, ಮೆಂತ್ಯದ ಸೊಪ್ಪು ಎಳೆಯೆಳೆ. ಹೆಚ್ಚುತ್ತಾ ಹೆಚ್ಚುತ್ತಾ ಅವಳ ಮಾತೂ ಸರಿಹೋಗುತ್ತಿತ್ತು. "ಏನ್ರಿ, ಕೊತ್ತಂಬರಿ ತಂದ್ರೇನು?" ಎಂದು ಗಂಡನನ್ನು ಗಂಡನೆಂದೇ ಗುರುತಿಸಿ ಕೇಳುತ್ತಿದ್ದಳು. ಎದ್ದ ಮೇಲೆ ಮತ್ತೆ ಮಂಜು. ಹಾಗಾಗಿ ಅವರು ದಿನಕ್ಕೊಮ್ಮೆ, ಬೇಕಿರಲಿ ಬೇಡವಿರಲಿ, ತರಕಾರಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಫ್ರಿಡ್ಜಿನಲ್ಲಿ ಹೆಚ್ಚಿದ ಬೀನ್ಸಿನ ಡಬ್ಬಿಗಳು ತುಂಬಿಹೋದವು. ಅವುಗಳನ್ನು ಕದ್ದುಮುಚ್ಚಿ ಹಸಿರು ಕಸದ ಬುಟ್ಟಿಗೆ ಸುರಿದು, ಮತ್ತೆ ಹೊಸ ಬೀನ್ಸು ತರುತ್ತಿದ್ದರು. ಆ ಅಷ್ಟು ಹೊತ್ತು ಹೆಂಡತಿ ತಮ್ಮನ್ನು ಗುರುತು ಹಿಡಿಯುತ್ತಾಳೆ, ಅವರಿಗೆ ಬೇಕಾದದ್ದು ಅದೊಂದೇ.

ಆಸ್ಪತ್ರೆಯವರು ಕಳಿಸಿ ಮನೆ ನೋಡಲು ಬಂದ ಥೆರಪಿಸ್ಟ್ ಹುಡುಗಿ ಕಾರ್ಪೆಟ್ಟು ತೆಗೆಯಿರಿ, ಒಲೆಗೆ ಬೀಗ ಹಾಕಿ, ಚಾಕು ಕತ್ತರಿಗಳನ್ನು ಬೇರೆ ಕಡೆಗಿಡಿ ಎಂದು ಹೇಳುತ್ತಾ ಅಡುಗೆಮನೆಗೆ ಬಂದವಳು, ಈಳಿಗೆ ಕಂಡದ್ದೇ ಇವರ ಮಗಳಿಗೆ ಫೋನು ಮಾಡಿದಳು. ಸಂಜೆಗೆ ಮಗಳು ನಿಧಿ ಮೆಡೋವೇಲ್‌ನ ಆಫೀಸಿನಿಂದ ನೇರ ಬಂದಳು.

"ಅಪ್ಪಾ, ದಟ್ ಥಿಂಗ್ ಹ್ಯಾಸ್ ಟು ಗೋ."

"ಅಕಿ ಕೈಗೆ ಇವತ್ತಿನ ತನಕಾ ಒಂದು ಗೀರು ಬಿದ್ದಿಲ್ಲ, ನಿಧಿ. ತಲಿ ಹೋಗ್ಯದ, ಕೈ ಹೋಗಿಲ್ಲ."

"ಸ್ಟೋವ್‌ಗೂ ಹಂಗೇ ಅಂದಿದ್ರಿ. ಐ ಕಾಂಟ್ ಡೂ ದಿಸ್, ಅಪ್ಪಾ. ಐ ಕಾಂಟ್ ಸಿಟ್ ಇನ್ ಮೀಟಿಂಗ್ಸ್ ವೇಟಿಂಗ್ ಫಾರ್ ದಟ್ ಕಾಲ್. ಒಂದು ಸಲ ಕೈ ಕುಯ್ಕೊಂಡ್ರೆ ಅಮ್ಮನ್ನ ಕೇರ್ ಹೋಮಿಗೆ ಕಳಿಸಲೇಬೇಕಾಗುತ್ತೆ. ದೆ ವೋಂಟ್ ಆಸ್ಕ್ ಅಸ್."

ಅವಳ ಮಾತಿನಲ್ಲಿ ತಪ್ಪೇನಿದೆ ಹೇಳಿ? ತಾಯಿಯ ಬೆರಳು ಉಳಿಯಲಿ ಎನ್ನುವುದು ತಪ್ಪೇ? ತಪ್ಪು ಹುಡುಕಲು ಹೋದರೆ ಇಲ್ಲಿ ಯಾರೂ ಸಿಕ್ಕುವುದಿಲ್ಲ, ಅದೇ ಇದರ ಕೆಟ್ಟತನ.

ಮರುದಿನ ಸತ್ಯಪ್ರಕಾಶ್ ಈಳಿಗೆಯನ್ನು ಗರಾಜಿನಲ್ಲಿ ಬಚ್ಚಿಟ್ಟರು. ನೀರಜಾ ಅಡುಗೆಮನೆಯ ಒಂದೊಂದು ಕಪಾಟನ್ನೂ ತೆಗೆದು, ಮುಚ್ಚಿ, ಮತ್ತೆ ತೆಗೆದು ಹುಡುಕಿದಳು. ಏನು ಹುಡುಕುತ್ತಿದ್ದೇನೆಂಬುದು ನಡುವೆಯೇ ಮರೆತುಹೋಗಿ, ಹುಡುಕುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ನೆಲದ ಮೇಲೆ ತನ್ನ ಜಾಗದಲ್ಲಿ ಕೂತು, ಎದುರಿಗೆ ಏನೂ ಇಲ್ಲದೆ, ಖಾಲಿ ಕೈಗಳನ್ನು ಮುಂದಕ್ಕೂ ಹಿಂದಕ್ಕೂ ಆಡಿಸುತ್ತಾ ಅಳತೊಡಗಿದಳು. ಅದನ್ನು ನೋಡಿ ತಡೆದುಕೊಳ್ಳುವ ಎದೆ ಯಾರಿಗಿದೆ? ಗರಾಜಿಗೆ ಹೋಗಿ ಈಳಿಗೆ ವಾಪಸು ತಂದರು.

ಆಗ ಹೊಳೆಯಿತು ಈ ಇಂಜಿನಿಯರ್ ಮಹಾಶಯರಿಗೆ ಒಂದು ಉಪಾಯ. ಈಳಿಗೆ ಇರಲಿ, ಬಾಯಿ ಮಾತ್ರ ಬೇಡ. ಅವಳು ಕೂರುತ್ತಾಳೆ, ಮಣೆ ಅದೇ, ಅಲಗು ಅದೇ, ಕೈ ಆಡುತ್ತದೆ, ಬೆರಳು ಉಳಿಯುತ್ತದೆ. ನಿಧಿಗೂ ಸಮಾಧಾನ, ಕೇರ್ ಹೋಮಿನ ಮಾತೂ ಇಲ್ಲ. ಎಷ್ಟು ಸುಲಭ!

ಮಧ್ಯಾಹ್ನ ನೀರಜಾ ಮಲಗಿದ್ದಾಗ ಅದನ್ನು ಬೇಸ್‌ಮೆಂಟಿಗೆ ಒಯ್ದರು. ಮೊದಲು ಲೋಹ ತೇಯುವ ಅರ ಹಿಡಿದು ಬಾಯಿಗೆ ಉಜ್ಜಿದರು. ಅರ ಜಾರಿತು. ಮತ್ತೆ ಉಜ್ಜಿದರು, ಮತ್ತೆ ಜಾರಿತು. ಮಡಿವಾಳಪ್ಪ ಕೊಟ್ಟ ಹದ ಅಷ್ಟು ವರ್ಷದ ಮೇಲೂ ಅರಕ್ಕೆ ಬಗ್ಗಲಿಲ್ಲ. ಒಂದು ಗಳಿಗೆ ಅವರಿಗೆ ಹೆಮ್ಮೆಯಾಯಿತು. ಮರುಗಳಿಗೆ ಸಿಟ್ಟು ಬಂತು. ಹಾಳಾದ್ದು, ಇದಕ್ಕೂ ಹಟವೇ? ಗೋಡೆಯ ಪಕ್ಕದ ಬೆಂಚ್ ಗ್ರೈಂಡರಿನ ಸ್ವಿಚ್ಚು ಹಾಕಿದರು.

ಕಿಡಿ ಹಾರಿತು. ತಾವೇ ಪ್ರತಿ ಭಾನುವಾರ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮಾಡಿ ನಿಲ್ಲಿಸಿದ್ದ ಆ ಬಾಯಿ ತಿರುಗುವ ಕಲ್ಲಿಗೆ ತಾಗಿ ಕಿರುಚಿತು. ಅಲಗಿನ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದಾಯಿತು, ಆಮೇಲೆ ನೀಲಿ. ಬೆಸುಗೆಯ ಪಕ್ಕ ಅಂಥ ನೀಲಿ ಕಂಡರೆ ಸಹಿ ಹಾಕದೆ ವಾಪಸು ಕಳಿಸುತ್ತಿದ್ದ ಮನುಷ್ಯ ಅವರು. ಆ ಬಣ್ಣ ಬಂತೆಂದರೆ ಉಕ್ಕಿನ ಹದ ಹೋಯಿತು ಎಂದು ಜೂನಿಯರುಗಳಿಗೆ ಪಾಠ ಹೇಳಿದವರು. ನೀರಿನ ಡಬ್ಬಿ ಕೈಗೆಟಕುವ ಕಡೆಗೇ ಇತ್ತು, ಒಂದು ಸಲ ಅದ್ದಿದ್ದರೆ ಉಳಿಯುತ್ತಿತ್ತು. ಅದ್ದಲಿಲ್ಲ. ಮೊಂಡು ಮಾಡಲೆಂದೇ ತಾನೆ ಬಂದದ್ದು, ಹೋದರೆ ಹೋಗಲಿ ಎಂದುಕೊಂಡರು. ನಡುವಿನ ಆ ತಗ್ಗನ್ನೂ ಬಿಡದೆ, ತುದಿಯಿಂದ ಬುಡದವರೆಗೆ ತಿಕ್ಕಿ, ಬೆರಳಾಡಿಸಿ ನೋಡಿದರು. ಚಮಚೆಯ ಅಂಚಿನ ಹಾಗೆ ದುಂಡಗಾಗಿತ್ತು. ಅವರಿಗೆ ತೃಪ್ತಿಯಾಯಿತು ಎಂದರೆ ನಂಬಬೇಕು ನೀವು. ಮೇಲೆ ಬಂದು ನಿಧಿಗೆ ಫೋನು ಮಾಡಿ, "ಇನ್ನ ಚಿಂತಿ ಬಿಡು" ಎಂದರು.

ಮರುದಿನ ಬೆಳಿಗ್ಗೆ ಎಣಗಾಯಿಗೆಂದು ಎಳೆಯ ಬದನೆಕಾಯಿಗಳನ್ನು ಅವಳ ಮುಂದೆ ಸುರಿದು, ಈಳಿಗೆಯನ್ನು ನೆಲಕ್ಕಿಟ್ಟು, ತಾವು ಸ್ಟೂಲಿನ ಮೇಲೆ ಕೂತರು. ನೀರಜಾ ಕೂತಳು. ಕಾಲು ಮಣೆಯನ್ನು ಒತ್ತಿತು. ಮುಖದ ಗಂಟು ಸಡಿಲಾಯಿತು. ಸದ್ಯ, ಗೆದ್ದೆ ಎಂದುಕೊಂಡರು ಸತ್ಯಪ್ರಕಾಶ್.

ಮೊದಲ ಬದನೆಕಾಯಿಯನ್ನು ಅವಳು ಎಳೆದಳು. ಅದು ಸೀಳಲಿಲ್ಲ, ತಗ್ಗಾಯಿತು. ಇನ್ನೊಮ್ಮೆ ಎಳೆದಳು. ಸಿಪ್ಪೆ ಹರಿದು, ತಿರುಳು ಜಜ್ಜಿ, ಬೀಜ ಕಿತ್ತುಕೊಂಡು ಬೆರಳಿಗೆ ಮೆತ್ತಿತು. ಯಾವ ಕೈಗಳು ಎಂದೂ ಬಲ ಹಾಕಿರಲಿಲ್ಲವೋ ಆ ಕೈಗಳು ಈಗ ಬಲ ಹಾಕಿದವು, ಕಾಯಿ ಜಾರಿ ಗೋಡೆಗೆ ಹೋಗಿ ಬಡಿಯಿತು. ಅವಳು ನಿಲ್ಲಿಸಿದಳು. ಹೆಬ್ಬೆರಳನ್ನು ಅಲಗಿನ ಬಾಯಿಗೆ ಅಡ್ಡಡ್ಡ ಸವರಿದಳು. ಆಮೇಲೆ ಈಳಿಗೆಯನ್ನು ನೋಡಿದಳು, ಕೌಂಟರನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಕೊನೆಗೆ ಸ್ಟೂಲಿನ ಮೇಲೆ ಕೂತ ಮುದುಕನನ್ನು ನೋಡಿದಳು. ಈಳಿಗೆಯನ್ನು ಪದ್ಧತಿಯ ಪ್ರಕಾರ ಅಡ್ಡ ಮಲಗಿಸಿ, ಎದ್ದು, ಬಟ್ಟೆ ಸರಿಮಾಡಿಕೊಂಡಳು. ಪರರ ಮನೆಗೆ ಬಂದವಳ ಮರ್ಯಾದೆಯಲ್ಲಿ ಮಾತಾಡಿದಳು.

"ನಿಮ್ಮ ಇಳಿಗಿ ಮೊಂಡ ಅದ ನೋಡ್ರಿ. ನಮ್ಮನಿ ಇಳಿಗಿ ಭಾಳ ಛಲೋ ಅದ. ನಾ ನಮ್ಮನಿಗೆ ಹೋಗಿ ಹೆಚ್ಚಿಕೊಂಡು ಬರ್ತೀನಿ."

"ನೀರೂ, ಇದ ನಿನ್ನ ಮನಿ. ಅದ ಇಳಿಗಿ ಇದು. ನಿಮ್ಮವ್ವ ಕೊಡಿಸಿದ್ದು."

"ಹಂಗನ್ನಬ್ಯಾಡ್ರಿ." ಅವಳು ನೊಂದುಕೊಂಡಂತೆ ತಲೆಯಾಡಿಸಿದಳು. "ನಮ್ಮನ್ಯಾಗ ಇಂಥಾ ಇಳಿಗಿ ಇಲ್ಲ."

ಕೋಟು ಹುಡುಕಿ ಹಾಕಿಕೊಂಡಳು. ವ್ಯಾನಿಟಿ ಬ್ಯಾಗು ತೋಳಿಗೆ ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯ ಮೇಲೆ ಕೂತಳು. ಅವತ್ತಿನಿಂದ ಅದೇ ಅವಳ ಜಾಗ.

ಸತ್ಯಪ್ರಕಾಶ್ ಆ ಮಧ್ಯಾಹ್ನವೇ ಸಾಣೆಕಲ್ಲು ಹಿಡಿದು ಕೂತರು. ಉಜ್ಜಿದರೆ ಬಾಯಿ ಬರುತ್ತಿತ್ತು, ಒಂದು ಈರುಳ್ಳಿ ಹೆಚ್ಚುವಷ್ಟರಲ್ಲಿ ಮಡಚಿಕೊಳ್ಳುತ್ತಿತ್ತು. ಸುಟ್ಟ ಭಾಗ ತೆಗೆಯಲೆಂದು ಇನ್ನೂ ಉಜ್ಜಿದರು. ಉಜ್ಜಿದಷ್ಟೂ ಬಂದದ್ದು ಮೆತ್ತನೆಯ ಸಾದಾ ಕಬ್ಬಿಣ. ಉಕ್ಕಿನ ಪಟ್ಟಿ ಮೊದಲೇ ಸವೆದು ತೆಳುವಾಗಿತ್ತು, ಉಳಿದದ್ದನ್ನು ಗ್ರೈಂಡರು ತಿಂದಿತ್ತು. ಟೊರಾಂಟೊದ ಡೌನ್‌ಟೌನಿನಲ್ಲಿ ಚಾಕುಗಳ ಅಂಗಡಿಯಿಟ್ಟಿದ್ದವನ ಬಳಿ ಒಯ್ದರು. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಬೆನ್ನಿನ ಸುತ್ತಿಗೆ ಗುರುತುಗಳ ಮೇಲೆ ಕೈಯಾಡಿಸಿ, ಎಂಥ ಚಂದದ ಕೆಲಸ ಎಂದ. ಆಮೇಲೆ, ಸಾಣೆ ಹಿಡಿಯಲು ಇದರಲ್ಲಿ ಉಕ್ಕೇ ಉಳಿದಿಲ್ಲವಲ್ಲ, ಯಾರು ಮಾಡಿದರು ಹೀಗೆ ಎಂದು ಕೇಳಿದ. ಅವರು ಈಳಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು.

ಬ್ರಾಂಪ್ಟನ್ನಿನ ದೇಸಿ ಅಂಗಡಿಯಿಂದ ಹೊಸ ಈಳಿಗೆ ತಂದರು. ಸ್ಟೀಲಿನ ಅಲಗು, ಪ್ಲಾಸ್ಟಿಕ್ಕಿನ ಮಣೆ. ನೀರಜಾ ಅದನ್ನು ಕೂತಲ್ಲಿಂದಲೇ ನೋಡಿ, "ಛಲೋ ಅದ. ಯಾರ ಮನೀದು?" ಎಂದಳು. ಮುಟ್ಟಲಿಲ್ಲ.

ನಿಧಿ ಬಂದಾಗ ಅಮ್ಮ ಕೋಟು ಹಾಕಿಕೊಂಡು ಬಾಗಿಲ ಬಳಿ ಕೂತಿರುವುದನ್ನು ನೋಡಿದಳು. "ಅಟ್ ಲೀಸ್ಟ್ ಶಿ ಈಸ್ ಸೇಫ್, ಅಪ್ಪಾ" ಎಂದಳು ಆಮೇಲೆ. ಸೇಫು! ಆ ಮಾತಿಗೆ ಸತ್ಯಪ್ರಕಾಶರಿಗೆ ಕೂಗಬೇಕೆನಿಸಿತು, ಗೋಡೆಗೆ ತಲೆ ಬಡಿಯಬೇಕೆನಿಸಿತು. ಆದರೆ ಈಳಿಗೆಯ ಬಾಯಿ ಕೆಡಿಸಿದ್ದು ಮಗಳಲ್ಲ, ತಾವು. ಅವಳು ಈಳಿಗೆ ತೆಗೆದುಬಿಡಿ ಎಂದಿದ್ದಳು, ಕೊಂದು ಅಲ್ಲೇ ಇಡಿ ಎಂದಿರಲಿಲ್ಲ. ಚಹಾ ಮಾಡಿಕೊಟ್ಟು ಕಳಿಸಿದರು.

ಬೇಸಿಗೆ ಹೋಯಿತು. ಎದುರು ಮನೆಯ ಮೇಪಲ್ ಕೆಂಪಾಯಿತು. ಅವಳು ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು, ಸಾಕು ಎನಿಸಿದಾಗ ಎದ್ದು ಬ್ಯಾಗು ತೋಳಿಗೆ ಹಾಕಿಕೊಳ್ಳುತ್ತಿದ್ದಳು. ಅವರನ್ನು 'ರೀ' ಎಂದೇ ಕರೆಯುತ್ತಿದ್ದಳು, ಬ್ಯಾಂಕಿನವರನ್ನೂ ಟಪಾಲಿನವನನ್ನೂ ಕರೆಯುವ ಹಾಗೆ. ಅವರೂ ಒಂದು ದಿನ, ಮಾತಿನ ಭರದಲ್ಲಿ, ಹೆಂಡತಿಗೆ 'ಬರ್ರಿ, ಊಟಾ ಮಾಡ್ರಿ' ಎಂದುಬಿಟ್ಟರು. ಅವಳು ತಕ್ಷಣ ಎದ್ದು ಬಂದಳು. ನೀನು ಎಂದರೆ ಸಿಡುಕುತ್ತಿದ್ದವಳು ನೀವು ಎಂದರೆ ಬರುತ್ತಿದ್ದಳು. ಅಂದಿನಿಂದ ಆ ಮನೆಯಲ್ಲಿ ಇಬ್ಬರು ಅತಿಥಿಗಳಿದ್ದರು, ಮನೆಯವರು ಯಾರೂ ಇರಲಿಲ್ಲ.

ಖಂಡೇನವಮಿ ಬಂತು. ಯಾಕೆ ಮಾಡಬೇಕು ಎನಿಸಿದರೂ, ಬಿಡಲು ಮನಸ್ಸು ಬರಲಿಲ್ಲ. ದೇವರ ಮುಂದೆ ಮಣೆ ಹಾಕಿ ಕಾರಿನ ಕೀಲಿ, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲ ಇಟ್ಟರು. ಕೊನೆಗೆ ಟವೆಲ್ಲು ಬಿಚ್ಚಿ ಈಳಿಗೆಯನ್ನೂ ಇಟ್ಟರು. ನೀರಜಾಗೆ ಇಳಕಲ್ ಸೀರೆ ಉಡಿಸಲು ಹೋಗಿ ನಿರಿಗೆ ಬಾರದೆ, ಹೇಗೋ ಸುತ್ತಿ ಪಿನ್ನು ಹಾಕಿದರು. ಅವಳು ಬಂದು ಕೂತಳು. ಕುಂಕುಮದ ಬಟ್ಟಲು ನೋಡಿದ್ದೇ ತಡ ಕೈ ತಾನಾಗಿ ಹೋಯಿತು. ಕೀಲಿಗೆ ಹಚ್ಚಿದಳು, ಸುತ್ತಿಗೆಗೆ ಹಚ್ಚಿದಳು. ಈಳಿಗೆಯ ಬಳಿ ಬಂದು ಬೆನ್ನಿಗೆ ಹಚ್ಚಿ, ಅಭ್ಯಾಸದಂತೆ ಹೆಬ್ಬೆರಳನ್ನು ಬಾಯಿಗೆ ಸವರಿದಳು.

ಸತ್ಯಪ್ರಕಾಶ್ ಉಸಿರು ಹಿಡಿದು ಕಾದರು. ಒಂದು "ಆತು" ಬಂದೀತೇ ಎಂದು, ನಾಚಿಕೆಯಿಲ್ಲದ ಆಸೆ.

"ಅಯ್ಯ, ಇಷ್ಟ ಮೊಂಡ ಇಟ್ಟೀರಲ್ರಿ" ಎಂದಳು ಅವಳು ಮೆಲ್ಲಗೆ. "ನಿಮ್ಮ ಮನಿಯವ್ರು ಏನೂ ಅನ್ನೂದಿಲ್ಲೇನ್ರಿ?"

"ಅಂತಿದ್ಲ್ರಿ" ಎಂದರು.

"ನಮ್ಮವರು ಪ್ರತಿ ಐತವಾರ ಸಾಣಿ ಹಿಡದು ಕೊಡ್ತಾರ. ಬಾಯಿಲೆ ಒಂದು ಛಲೋ ಮಾತಾಡಿದವರಲ್ಲ ಅವರು. ಆದ್ರ ನನ್ನ ಇಳಿಗಿ ಮಾತ್ರ ಎಂದೂ ಮೊಂಡ ಆಗ್ಲಿಕ್ಕೆ ಬಿಟ್ಟಿಲ್ಲ." ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ನಗೆ ಇತ್ತು. "ಅವರು ಬಂದ್ರ ನಿಮ್ಮದೂ ಹಿಡದು ಕೊಡ್ರಿ ಅಂತ ಹೇಳ್ತೀನಿ. ಚಿಂತಿ ಮಾಡಬ್ಯಾಡ್ರಿ."

ಹಾಗೆಂದು ಈಳಿಗೆಯನ್ನು ಎತ್ತಿ, ನೆಲಕ್ಕಿಡದೆ, ನೇರ ಅವರ ಕೈಗೆ ಕೊಟ್ಟಳು. ಕೈಯಿಂದ ಕೈಗೆ. ಗಂಡ-ಹೆಂಡಿರ ನಡುವೆ ಜಗಳ ಬಂದೀತೆಂಬ ಭಯ ಪರರ ಜೊತೆ ಯಾಕಿರಬೇಕು?

ಆಮೇಲೆ ಅವಳು ಎದ್ದು, ಸೀರೆಯ ಮೇಲೆಯೇ ಕೋಟು ಹಾಕಿಕೊಂಡು, ಬ್ಯಾಗು ತೋಳಿಗೇರಿಸಿ ಬಾಗಿಲ ಬಳಿಯ ಕುರ್ಚಿಗೆ ಹೋದಳು. ಗಾಜಿನಾಚೆ ಬೀದಿ ಖಾಲಿಯಿತ್ತು.

"ಇವತ್ತ ತಡಾ ಆತಲ್ರಿ ಅವರಿಗೆ" ಎಂದಳು. "ಬರ್ತಾರ, ಹೌದಲ್ರಿ?"

"ಬರ್ತಾರ್ರಿ" ಎಂದರು ಸತ್ಯಪ್ರಕಾಶ್. ಈಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತರು. ತಾವು ಬರುವ ದಾರಿಯನ್ನು ಅವಳ ಜೊತೆ ತಾವೂ ನೋಡುತ್ತಾ ಕೂತರು.